ಮಸಿನಾ ಮತ್ತು ಬೀಚಿನ ಟಾಯ್ಲೆಟ್

ಫೆಟು,
ನಾನು ಡ್ಯೂಟಿಗೆ ಹೊರಟೆ. ಕೆಸುವಿನ ಗಡ್ಡೆ ಬೇಯಿಸಿಟ್ಟಿದ್ದೇನೆ, ಇಬ್ಬರೂ ತಿಂದು ಹೊರಡಿ.

ಬೀಚಿಗೆ ಹೋಗುವಾಗ ಅಂಟಿಸುವ ಚೀಟಿಗಳನ್ನು ಮರೆಯಬೇಡ. ಅಲ್ಲಿಯ ಟಾಯ್ಲೆಟ್, ಮಸಿನಾ ಕೂತಿದ್ದಾಗಲೇ ತಾನಾಗಿ ಭೋರೆಂದು ನೀರು ಬಿಟ್ಟಾಗಿನಿಂದ, ಹೊರಗೆ ಹೊರಟರೆ ಮಗು ನೀರೇ ಕುಡಿಯುತ್ತಿಲ್ಲ. ಅವತ್ತು ನೀನು ನಕ್ಕಿದ್ದಕ್ಕೆ ನನಗಿನ್ನೂ ಸಿಟ್ಟಿದೆ.

ನಿನ್ನೆ ಮಾಲ್‌ನ ಟಾಯ್ಲೆಟ್‌ನಲ್ಲಿ ತಾನಾಗಿ ನೀರು ಬಿಡಿಸುವ ಗೋಡೆಯ ಸೆನ್ಸರ್‌ನ ಕೆಂಪು ಕಣ್ಣಿನ ಮೇಲೆ ಚೀಟಿ ಅಂಟಿಸಿದೆ. ಅದು ತೆಪ್ಪಗಿತ್ತು. ಮಸಿನಾ ನಿಧಾನವಾಗಿ ಮುಗಿಸಿ, ಬಟ್ಟೆ ಸರಿಮಾಡಿಕೊಂಡು, ಬಾಗಿಲ ಹತ್ತಿರ ಹೋಗಿ ನಿಂತು, "ಅಮ್ಮಾ, ಈಗ ಕಿತ್ತು ಹಾಕು!" ಅಂದಳು. ನೀರು ಭೋರೆಂದರೂ ಅಳಲಿಲ್ಲ.

ಇವತ್ತು ಚೀಟಿಯನ್ನು ತಾನೇ ಕೀಳುತ್ತಾಳಂತೆ. "ಅಪ್ಪಂಗೆ ಭಯ ಆದ್ರೆ ನಾನು ಕೈ ಹಿಡ್ಕೋತೀನಿ" ಅಂದಿದ್ದಾಳೆ.

ನೀನು ಸ್ವಲ್ಪ ಹೆದರಿಕೊಳ್ಳಪ್ಪಾ.

ಲೋಸಾ