ನೆಲ ಮುಟ್ಟಿ ಬಂದ ಕೈ

ಅಪ್ಪಾ,

ಕರೆಂಟಿನ ಕೇಬಲ್ ಕೆಲಸದಿಂದ ಬಂದಾಗ ನೀವು ಮೊದಲು ನೆಲ ಮುಟ್ಟಿ, ಆಮೇಲೆ ನನ್ನನ್ನು ಎತ್ತಿಕೊಳ್ಳುತ್ತಿದ್ದಿರಿ. ನಿಮ್ಮ ಮೈಯೊಳಗಿನ ಮಿಂಚು ಮಣ್ಣಿಗಿಳಿಯುತ್ತದೆ ಎಂದುಕೊಂಡಿದ್ದೆ. ನಿಮ್ಮದೇ ಕೆಲಸಕ್ಕೆ ಸೇರಿದ ಮೇಲೆ ಅದನ್ನು ನೆನೆದು ನಗುತ್ತಿದ್ದೆ.

ಇವತ್ತು ಹನ್ನೊಂದು ಸಾವಿರ ವೋಲ್ಟಿನ ಕೇಬಲ್ ಜೋಡಿಸುವುದಿತ್ತು. ಲೈನ್ ಆಫ್ ಮಾಡಿದರೂ ಅದರೊಳಗೆ ಕರೆಂಟು ಕನಸಿನ ಹಾಗೆ ಉಳಿದಿರುತ್ತದಲ್ಲ. "ಅರ್ಥಿಂಗ್ ಕೊಟ್ಟಾಗಿದೆ, ಕೈ ಹಾಕಮ್ಮ" ಎಂದರು ಮೇಸ್ತ್ರಿ. ಯಾಕೋ ನಿಮ್ಮ ಹಾಗೆ ನೆಲ ಮುಟ್ಟೋಣವೆನಿಸಿ ಬಗ್ಗಿದೆ. ಆ ಉಳಿದ ಕರೆಂಟನ್ನು ಮಣ್ಣಿಗಿಳಿಸಬೇಕಾದ ಅರ್ಥಿಂಗ್ ತಂತಿಯ ಕ್ಲಾಂಪು ಕಳಚಿಕೊಂಡು ಹುಲ್ಲಿನಲ್ಲಿ ಮಲಗಿತ್ತು.

ಸಂಜೆ ಮನೆ ಬಾಗಿಲಲ್ಲೂ ನೆಲ ಮುಟ್ಟಿದೆ. "ಅಮ್ಮಾ, ಏನ್ ಬಿತ್ತು?" ಎಂದಳು ನಿಮ್ಮ ಮೊಮ್ಮಗಳು. "ಏನೂ ಬೀಳ್ಲಿಲ್ಲ ಕಣೇ" ಎಂದು ಎತ್ತಿಕೊಂಡವಳು ಬಹಳ ಹೊತ್ತು ಇಳಿಸಲಿಲ್ಲ.

ಅಮ್ಮನಿಗೆ ಈ ಕಾಗದ ಓದಿ ಹೇಳಬೇಡಿ. ಏನು ಬರೆದಿದ್ದಾಳೆಂದು ಕೇಳಿದರೆ, ನನಗೆ ನೆಗಡಿಯಂತೆ ಎಂದುಬಿಡಿ.

ನಿಮ್ಮ ಮಗಳು