ರಾಣಿ ಹಾಕಿದ ಟೋಪಿ

ಮನೆಯಿಂದ, ಅಮ್ಮನ ಹೊಲಿಗೆ ಮೇಜಿನ ಒಂದು ಮೂಲೆಯಿಂದ
ಬುಧವಾರ, ಮಾರ್ಚ್ ೧೨

ಪ್ರೀತಿಯ ಅಪ್ಪ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರಂತೆ, ಆದರೆ ಇನ್ನೂ ಓದುವ ಹಾಗಿಲ್ಲವಂತೆ. ಆದ್ದರಿಂದ ಈ ಕಾಗದವನ್ನು ಅಕ್ಕ ಓದಿ ಹೇಳುತ್ತಾಳೆ. ಅಕ್ಕಾ, ಒಂದು ಸಾಲನ್ನೂ ನುಂಗಬೇಡ, ನಿನ್ನ ಕಡೆಯಿಂದ ಒಗ್ಗರಣೆಯನ್ನೂ ಹಾಕಬೇಡ. ಅಪ್ಪ, ಹನಿ ಔಷಧಿಯನ್ನು ಹೊತ್ತು ಹೊತ್ತಿಗೆ ಹಾಕಿಸಿಕೊಳ್ಳುತ್ತಿದ್ದೀರಿ ತಾನೇ? ಕಣ್ಣು ಉಜ್ಜಬೇಡಿ. ಫೋನ್ ಮಾಡಬಹುದಿತ್ತು, ಆದರೆ ನೀವು ಎರಡು ಮಾತು ಕೇಳಿ ಮೂರನೆಯದಕ್ಕೆ "ಆಯ್ತಾಯ್ತು, ಇಡ್ತೀನಿ" ಎಂದು ಇಟ್ಟೇಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೂ ಕೇಳಲೇಬೇಕು, ಓದುತ್ತಿರುವವಳು ನಿಮ್ಮ ದೊಡ್ಡ ಮಗಳು.

ಇಲ್ಲಿ ಎಲ್ಲ ಕ್ಷೇಮ. ಅಮ್ಮನಿಗೆ ಶಾಲೆಯ ಸಮವಸ್ತ್ರಗಳ ಹೊಲಿಗೆ ಕೈತುಂಬ ಇದೆ. ನೀವಿಲ್ಲದೆ ಮನೆ ತಣ್ಣಗಿದೆ ಎನ್ನುತ್ತಾಳೆ, ಅದು ಹೊಗಳಿಕೆಯೋ ಬೈಗುಳವೋ ನನಗೆ ತಿಳಿಯಲಿಲ್ಲ. ಪಕ್ಕದ ಮನೆಗೆ ಹೊಸಬರು ಬಂದಿದ್ದಾರೆ. ಸಂಜೆಯಾದರೆ ಅಮ್ಮ ಒಳಗಿನಿಂದ "ರಾಣಿ ಹಾಕಿದ್ಯೇನೇ?" ಎಂದು ಕೂಗುತ್ತಾಳಲ್ಲ, ಅದನ್ನು ಆ ಮನೆಯಾಕೆ "ರಾಣಿಗೆ ಹಾಕಿದ್ಯೇನೇ" ಎಂದು ಕೇಳಿಸಿಕೊಂಡು, ನಾವು ನಾಯಿ ಸಾಕಿದ್ದೇವೆ ಎಂದುಕೊಂಡಿದ್ದರಂತೆ. ಹಿತ್ತಿಲ ಬಾಗಿಲಿಗೆ ಕರೆದುಕೊಂಡು ಹೋಗಿ, ಕೊಂಡಿಯೊಳಗೆ ಇಳಿಬಿಡುವ ಆ ಗೇಣುದ್ದದ ಹಿತ್ತಾಳೆ ಕೊಳವೆಯನ್ನೂ ಅದು ಜಾರಿ ಬೀಳದಂತೆ ತಲೆಗಿರುವ ದುಂಡು ಬಿಲ್ಲೆಯನ್ನೂ ತೋರಿಸಿದೆ. "ಅಗುಳಿಗೆ ಯಾರಾದ್ರೂ ಹೆಸರಿಡ್ತಾರಾ?" ಎಂದರು. ನಮ್ಮಪ್ಪ ಇಡ್ತಾರೆ ಎಂದೆ. ಅದರ ಜೋಡಿ ತುಂಡು ರಾಜ, ಮದುವೆಯಾದ ಅಕ್ಕನ ಹಿಂದೆಯೇ ಅವಳ ಮನೆಗೆ ಹೋದದ್ದನ್ನೂ ಹೇಳಿದೆ. ಅಲ್ಲಿ ರಾಜ ಹೇಗಿದ್ದಾನೆ? ಈಗಲೂ ಮಹಡಿ ಬಾಗಿಲನ್ನು ಅವನೇ ಕಾಯುತ್ತಾನೆಯೇ?

ಈಗ ವಿಷಯಕ್ಕೆ ಬರುತ್ತೇನೆ, ನೀವು ಮುಖ ತಿರುಗಿಸಬೇಡಿ. ನಾನು ವಾಹನ ಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ನೀವು ಒಂದು ಸಲವೂ ಅದರ ಗೇಟು ದಾಟಿ ಬಂದಿಲ್ಲ. ನೀವು ವಯಸ್ಸಿನಲ್ಲಿ ಕೊಳವೆ ಬಗ್ಗಿಸಿ, ತಗಡು ಬಡಿದು ದುಡಿದ ಶೆಡ್ಡೇ ಈಗ ನಮ್ಮ ಸಂಗ್ರಹಾಲಯ. ಮಂಡಿನೋವು ಎಂದಿರಿ, ಬಿಸಿಲು ಎಂದಿರಿ, ಒಮ್ಮೆಯಂತೂ ಚಪ್ಪಲಿ ಕಚ್ಚುತ್ತದೆ ಎಂದಿರಿ. ನಾನೂ ನಂಬಿದೆ. ರಾಜರಾಣಿಯರ ಪ್ರವಾಸಕ್ಕೆ ಬಳಸಿದ ಸಾರೋಟು, ಕಾರುಗಳು ಎಲ್ಲಿಂದ ಬಂದವು, ಆಮೇಲೆ ಯಾರ ಯಾರ ಕೈಗೆ ಬಿದ್ದವು ಎಂದು ಬೆನ್ನುಹತ್ತಿ ಹುಡುಕಿ, ಪಕ್ಕದ ಫಲಕದಲ್ಲಿ ನಾಲ್ಕು ಸಾಲು ಬರೆಯುವುದು ನನ್ನ ಕೆಲಸ. ಊರಿನ ಎಲ್ಲ ಗಾಡಿಗಳ ಜಾತಕ ಬರೆದವಳಿಗೆ ನಮ್ಮಪ್ಪನ ಚಪ್ಪಲಿಯ ಜಾತಕ ಗೊತ್ತಾಗಲಿಲ್ಲ ನೋಡಿ.

ಪರದೇಶದ ರಾಣಿ ಬಂದಾಗ ಒಂದೇ ಅಚ್ಚಿನ ಎರಡು ತೆರೆದ ಕಾರು ತರಿಸಿದ್ದರು, ನಿಮಗೆ ನೆನಪಿದೆ. ಒಂದರಲ್ಲಿ ರಾಣಿ ನಿಂತು ಕೈಬೀಸುವುದು, ಅದೇನಾದರೂ ಕೈಕೊಟ್ಟರೆ ಎಂದು ಇನ್ನೊಂದು ಖಾಲಿ ಹಿಂದೆ ಬರುವುದು. ಒಂದು ಕಾರು ಅಂದಿನಿಂದಲೂ ಅತಿಥಿಗೃಹದ ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿತ್ತು; ಈಗಲೂ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಇನ್ನೊಂದನ್ನು ನಾನೇ ಹುಡುಕಿದ್ದು. ಅದು ಮೊದಲು ನಗರಸಭೆಯ ಅಧ್ಯಕ್ಷರ ಕೈಸೇರಿ, ಆಮೇಲೆ ಮದುಮಕ್ಕಳನ್ನು ಹೊತ್ತು, ಆಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಬೀದಿ ಬೀದಿಯಲ್ಲಿ ಸಾಬೂನು ಮಾರಿ, ಕೊನೆಗೆ ಒಂದು ಬೇಕರಿಯ ಹಿಂದೆ ಕೋಳಿಗಳಿಗೆ ಮನೆಯಾಗಿತ್ತು. ಬಾಗಿಲ ಮೂಲೆಯಲ್ಲಿ ಉಗುರಿನಷ್ಟು ಕೆರೆದರೆ ಹಳದಿಯ ಕೆಳಗೆ ಬಿಳಿ, ಬಿಳಿಯ ಕೆಳಗೆ ಕೆಂಪು, ತಳದಲ್ಲಿ ಮೆರವಣಿಗೆಯ ಕಪ್ಪು. ನಾವು ಅದನ್ನು ಸಾಬೂನು ಕಾರು ಎನ್ನುತ್ತೇವೆ.

ರಾಣಿ ನಿಂತದ್ದು ಯಾವುದರಲ್ಲಿ? ಮೆರವಣಿಗೆಯ ದಿನ ಎರಡಕ್ಕೂ ನಂಬರು ಫಲಕದ ಬದಲು ಲಾಂಛನ ಹಾಕಿದ್ದರು, ಹಾಗಾಗಿ ಹಳೆಯ ಫೋಟೋಗಳಿಂದ ಉಪಯೋಗವಿಲ್ಲ. ನಮ್ಮ ಮುಖ್ಯಸ್ಥರನ್ನು ನಾವು ಬೆನ್ನ ಹಿಂದೆ ಪಾಲಿಶ್ ಸಾಹೇಬರು ಎನ್ನುತ್ತೇವೆ, ಅವರ ಕಣ್ಣಿಗೆ ಹೊಳೆಯುವುದೆಲ್ಲ ರಾಣಿಯದೇ. ಹೊಳೆಯುವ ಕಾರೇ ಅಸಲಿ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಅದರ ಎಂಜಿನ್ನು ಕೆಟ್ಟಿದೆ. ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲವಾದ್ದರಿಂದ ಸಾಬೂನು ಕಾರನ್ನು ಬಿಚ್ಚಿ ಅದಕ್ಕೆ ಜೋಡಿಸುವುದು, ಉಳಿದದ್ದು ಗುಜರಿಗೆ. ಸೋಮವಾರ ಸಮಿತಿ ಸೇರಿ ಒಪ್ಪಿಗೆ ಕೊಟ್ಟರೆ ಮಂಗಳವಾರ ಗ್ಯಾಸ್ ಕಟರ್ ಬರುತ್ತದೆ. ಒಳ್ಳೆಯವರೇ ಅವರು, ಆದರೆ ಅವಸರದವರು.

ಹೋದ ವಾರ ಸಾಬೂನು ಕಾರಿನ ನೆಲದ ಚಾಪೆ ಕಿತ್ತು ತೆಗೆದೆ. ರಾಣಿ ನಿಂತಾಗ ಹಿಡಿದುಕೊಳ್ಳಲು ಮುಂದಿನ ಸೀಟಿನ ಬೆನ್ನಿಗೆ ಒಂದು ಹಿತ್ತಾಳೆ ಹಿಡಿಕಂಬಿ ಇದೆಯಲ್ಲ, ಅದರ ಎರಡೂ ಕಾಲನ್ನು ನಾಲ್ಕು ತೂತಿನ ಬಿಲ್ಲೆಗಳಿಂದ ನೆಲಕ್ಕೆ ಬಿಗಿದಿದ್ದಾರೆ. ಬಿಲ್ಲೆಯ ಅಂಚಿನಲ್ಲಿ ಇನ್ನೊಂದು ತೂತಿನ ಗುರುತು ಇಣುಕುತ್ತಿತ್ತು. ಬಿಚ್ಚಿ ನೋಡಿದರೆ ಕೆಳಗೆ ಹಳೆಯ ಮೂರು ತೂತುಗಳು, ಸೀಸ ತುಂಬಿ ನುಣ್ಣಗೆ ಉಜ್ಜಿದ್ದವು. ಎರಡೂ ಕಡೆ ಹಾಗೆಯೇ. ಹೊಳೆಯುವ ಕಾರಿನಲ್ಲಿ ಆ ಮೂರು ತೂತಿಲ್ಲ. ಸಾಹೇಬರನ್ನು ಕರೆದು ತೋರಿಸಿದೆ. "ಯಾವನೋ ಕೆಲ್ಸ ಕೆಡ್ಸಿದ್ದಾನೆ ಕಣಮ್ಮಾ, ರಾಣಿ ಗಾಡೀಲಿ ಹಿಂಗೆ ಮಾಡ್ತಾರಾ?" ಎಂದು ಹೊರಟುಹೋದರು. ಹಿಡಿದರೆ ಬಿಡುವುದಿಲ್ಲ ಎಂದು ಚಿಕ್ಕಂದಿನಲ್ಲೇ ನನಗೆ ಇಕ್ಕಳ ಎಂದು ಹೆಸರಿಟ್ಟವರು ನೀವು. ನಾನು ಅಷ್ಟಕ್ಕೆ ಬಿಡುತ್ತೇನೆಯೇ?

ಮನೆಗೆ ಬಂದು ಊಟಕ್ಕೆ ಕೂತಾಗ ಅಮ್ಮನ ಮುಂದೆ ಇದನ್ನೇ ಹೇಳುತ್ತಿದ್ದೆ. ಅಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ನಗತೊಡಗಿದಳು. ಆ ಕಂಬಿ ಮಾಡಿದವರು ನೀವೇ ಅಂತೆ; ರಾಣಿಯ ಎತ್ತರ ಎಷ್ಟು ಎಂದು ಕೇಳುವುದೇ ಅಮರ್ಯಾದೆ ಎಂದು ಕಚೇರಿಯವರು ನಿಮಗೆ ಅಳತೆಯನ್ನೇ ಕೊಡಲಿಲ್ಲವಂತೆ. "ಸರ್ಕಲ್ಲಲ್ಲಿ ಕಮಾನು ಕಟ್ಟಿ ಆಳೆತ್ತರದ ಚಿತ್ರ ನಿಲ್ಸಿದ್ರು ಕಣೆ. ನಿಮ್ಮಪ್ಪ ಹಾಡಹಗಲೇ ಏಣಿ ಹಾಕಿ ಟೇಪ್ ಹಿಡ್ದು ರಾಣೀನ ಅಳ್ದೇಬಿಟ್ರು. ಪೊಲೀಸ್ನೋನು ಸೀಟಿ ಊದ್ತಾನೇ ಇದ್ದ. ಅವಳ ತಲೆ ಮೇಲೆ ಮೊಳದುದ್ದ ಟೋಪಿ ಇತ್ತು, ಅದನ್ನ ಕಳೀಬೇಕು ಅಂತ ಇವ್ರಿಗೆ ಹೊಳೀಲೇ ಇಲ್ಲ!" ಎತ್ತರದ ಅರ್ಧಕ್ಕೆ ಕಂಬಿ ಎಂದು ನೀವು ರಾಣಿ ನಿಲ್ಲಬೇಕಿದ್ದ ಮೊದಲ ಕಾರಿಗೆ ಕೂರಿಸಿದಿರಿ. ಹಿಂದಿನ ದಿನ ರಾಣಿಯಷ್ಟೇ ಎತ್ತರದ ಅವಳ ಕಾರ್ಯದರ್ಶಿ ಬಂದು ಹತ್ತಿ ನಿಂತರೆ ಕಂಬಿ ಎದೆಗೆ ಬಂತು. ಎಲ್ಲರೆದುರು ನಿಮ್ಮನ್ನು ಬೈದು, ಅಲ್ಲೇ ಕಂಬಿಯ ಎರಡೂ ಕಾಲಿನ ಬುಡದಿಂದ ಗೇಣುದ್ದ ಕತ್ತರಿಸಲು ಹೇಳಿ, ಎರಡನೆಯ ಕಾರಿಗೂ ಆ ಅಳತೆಯಲ್ಲೇ ಮಾಡಿಸಿ, ಸಂಜೆ ಮನೆಗೆ ಕಳುಹಿಸಿಬಿಟ್ಟರು. ಮರುದಿನ ಕಾರಿನ ಮುಂದೆ ಕೆಲಸಗಾರರೆಲ್ಲ ನಿಂತು ತೆಗೆಸಿದ ಫೋಟೋ ನನ್ನ ಕಚೇರಿಯ ಗೋಡೆಯ ಮೇಲಿದೆ. ಎಷ್ಟು ಸಲ ಅದರಲ್ಲಿ ನಿಮ್ಮ ಮುಖ ಹುಡುಕಿದ್ದೇನೋ!

ಅಪ್ಪ, ತರಕಾರಿಯವನು ತೂಕದಲ್ಲಿ ಮೋಸ ಮಾಡಿದಾಗ, ಗಡಿಯಾರ ರಿಪೇರಿಯವನು ಸತಾಯಿಸಿದಾಗ, ನೀವು ಹೇಳುತ್ತಿದ್ದದ್ದು ಒಂದೇ ಮಾತು: "ನಂಗೆ ರಾಣೀನೇ ಟೋಪಿ ಹಾಕಿದ್ದಾಳೆ, ನೀನ್ಯಾವ ಲೆಕ್ಕ!" ನಾವು ಮಕ್ಕಳು ಅದನ್ನು ಬಡಾಯಿ ಎಂದುಕೊಂಡು ನಗುತ್ತಿದ್ದೆವು. ನಿಮಗೆ ಅದು ಇಷ್ಟು ವರ್ಷ ಚುಚ್ಚುತ್ತಿತ್ತು ಎಂದು ಗೊತ್ತಾಗಿ ನನಗೆ ಆ ದಿನ ಅನ್ನ ಸೇರಲಿಲ್ಲ. ಆದರೆ ಕೇಳಿ. ಹೊಳೆಯುವ ಕಾರಿನಲ್ಲಿ ತಪ್ಪೇ ಇಲ್ಲ, ಏಕೆಂದರೆ ಅದು ಸರಿಯಾದ ಅಳತೆ ಗೊತ್ತಾದ ಮೇಲಿನ ಕೆಲಸ, ಹಿಂದೆ ಬಂದ ಖಾಲಿ ಕಾರು. ಎಲ್ಲರೂ ನಿಮ್ಮನ್ನು ಬೈದ ಆ ತಪ್ಪು ಸಾಬೂನು ಕಾರಿನ ನೆಲದಲ್ಲಿದೆ. ಅದೇ ರಾಣಿಯ ಕಾರು. ಮುಚ್ಚಿದ ತೂತುಗಳನ್ನು ಎಷ್ಟು ನುಣ್ಣಗೆ ಉಜ್ಜಿದ್ದೀರಿ ಎಂದರೆ, ಅವಮಾನ ನುಂಗಿಕೊಂಡು ಕೂತು ಹೀಗೆ ಉಜ್ಜಿದವರು ಇನ್ನೆಂಥವರಿರಬೇಕು ಎಂದು ಯಾರಿಗಾದರೂ ಅನಿಸಬೇಕು. ನನಗೆ ಹೆಮ್ಮೆ ಆಗಿದೆ ಅಪ್ಪ. ಅಕ್ಕಾ, ಈ ಸಾಲನ್ನು ಎರಡು ಸಲ ಓದು.

ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. "ಬಾಯಿಮಾತು ಸಮಿತಿ ಮುಂದೆ ನಿಲ್ಲಲ್ಲಮ್ಮಾ, ಸೋಮವಾರದೊಳಗೆ ಏನಾದ್ರೂ ತೋರ್ಸು" ಎಂದರು. ಸೋಮವಾರ ನೀವು ಬಂದು ಹೇಳಬೇಕು. ಶನಿವಾರ ಬೆಳಗಿನ ಬಸ್ಸಿಗೆ ನಾನು ಅಲ್ಲಿಗೆ ಬರುತ್ತೇನೆ, ಭಾನುವಾರ ನಿಮ್ಮನ್ನು ಕರೆದುಕೊಂಡು ಹೊರಡುತ್ತೇನೆ. ಡಾಕ್ಟರನ್ನು ಕೇಳಿದ್ದಾಗಿದೆ, ಕಪ್ಪು ಕನ್ನಡಕ ಹಾಕಿಕೊಂಡು ಪ್ರಯಾಣ ಮಾಡಬಹುದಂತೆ. ಮಂಡಿನೋವಿಗೆ ಶೆಡ್ಡಿನಲ್ಲಿ ಕುರ್ಚಿ ಇದೆ, ಬಿಸಿಲಿಗೆ ಕೊಡೆ ಇದೆ, ಚಪ್ಪಲಿ ಕಚ್ಚಿದರೆ ಬರಿಗಾಲಲ್ಲಿ ಬನ್ನಿ. ಬೇರೆ ನೆಪ ಯೋಚಿಸುತ್ತಿದ್ದರೆ ಅದಕ್ಕೂ ಉತ್ತರ ಇಟ್ಟುಕೊಂಡೇ ಬರುತ್ತೇನೆ.

ಭಾವನಿಗೆ ನಮಸ್ಕಾರ. ಮಕ್ಕಳಿಗೆ ಮುತ್ತು, ತಾತನ ಕನ್ನಡಕ ಹಾಕಿಕೊಂಡು ಆಡಬೇಡಿ ಎಂದು ಚಿಕ್ಕಮ್ಮ ಹೇಳಿದಳೆಂದು ಹೇಳಿ. ಅಮ್ಮ ಹೊಲಿಗೆ ನಿಲ್ಲಿಸದೆಯೇ "ಹೊತ್ತಿಗೆ ಸರಿಯಾಗಿ ಊಟ ಮಾಡೋಕೆ ಹೇಳು" ಎನ್ನುತ್ತಿದ್ದಾಳೆ. ನಿಮ್ಮ ಕಾಲಿಗೆ ಬಿದ್ದು, ಏಳದೆ ಅಲ್ಲೇ ಹಟ ಹಿಡಿದು ಕೂತಿರುವ

ನಿಮ್ಮ ಇಕ್ಕಳ

ತಾ.ಕ.: ಗುರುವಾರ ಬೆಳಿಗ್ಗೆ, ಶೆಡ್ಡಿನಿಂದ, ಗಡಿಬಿಡಿಯಲ್ಲಿ. ನಿನ್ನೆ ಕಾಗದ ಮಡಚುವಾಗ ಅಮ್ಮ "ರಾಣಿ ಹಾಕೇ" ಎಂದು ಕೂಗಿದಳು. ಹಾಕಲು ಹೋದವಳು ಕೊಂಡಿಯ ಮುಂದೆಯೇ ನಿಂತುಬಿಟ್ಟೆ. ದಿನಾ ಮುಟ್ಟುವ ಬಿಲ್ಲೆ, ಅದರಲ್ಲಿ ಮೂರು ತೂತು! ಅಂದು ಕತ್ತರಿಸಿದ ಕಂಬಿಯ ಕಾಲನ್ನೇ ನೀವು ಮನೆಗೆ ತಂದು ಅಗುಳಿ ಮಾಡಿದ್ದೀರಿ. ನನ್ನಂಥ ದಡ್ಡಿ ಇಲ್ಲ. ಇವತ್ತು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ಯಾರೂ ಬರುವ ಮೊದಲು ಸಾಬೂನು ಕಾರಿನ ನೆಲದ ಮೇಲೆ ಬಲಗಡೆಗೆ ಇಟ್ಟೆ. ಮೂರಕ್ಕೆ ಮೂರೂ ಕೂತವು, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಅಪ್ಪ, ನಮ್ಮ ರಾಣಿ ತನ್ನ ಜಾಗ ಸೇರಿದಳು. ಸಾಹೇಬರಿಗೆ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ಎಡಗಡೆ ಖಾಲಿಯಿದೆ. ಅಕ್ಕಾ, ನೀವು ಮಹಡಿ ಬಾಗಿಲಿಗೆ ಬೇರೆ ಏನಾದರೂ ಸಿಕ್ಕಿಸಿಕೊಳ್ಳಿ, ರಾಜನನ್ನು ಅಪ್ಪನ ಚೀಲಕ್ಕೆ ಹಾಕು. ಸೋಮವಾರ ಸಮಿತಿಯವರೆಲ್ಲ ಸುತ್ತ ನಿಂತಿರುವಾಗ ಅವನನ್ನು ನಾನು ಇಡುವುದಿಲ್ಲ ಅಪ್ಪ, ನೀವೇ ಬಗ್ಗಿ ಇಡಬೇಕು. ಆಮೇಲೆ ಆ ಕಾರಿನ ಮುಂದೆ ಇನ್ನೊಂದು ಫೋಟೋ ತೆಗೆಸುತ್ತೇವೆ.