ಮೂಗು ಅಲ್ಲ, ಕಣ್ಣು

ಅಕ್ಕಾ,

ಮಾತು ಬಿಟ್ಟಾಗ ವಿಳಾಸವನ್ನೂ ಬಿಟ್ಟವರು ನಾವು. ಇದು ನಿನಗೆ ಮುಟ್ಟುವುದಿಲ್ಲ ಎಂಬ ಧೈರ್ಯದಲ್ಲೇ ಬರೆಯುತ್ತಿದ್ದೇನೆ.

ನಿನ್ನೆ, ಕನ್ನಡವೇ ಕಿವಿಗೆ ಬೀಳದ ಈ ಪರವೂರಿನ ಪ್ರೆಸ್ಸಿನಲ್ಲಿ ಕರಡು ತಿದ್ದಿ ಹೊರಬಂದಾಗ ಹೋಟೆಲುಗಳೆಲ್ಲ ಮುಚ್ಚಿದ್ದವು. ಮೂಲೆಯ ಥಾಯ್ ಊಟದ ಗಾಡಿಯೊಂದೇ ತೆರೆದಿತ್ತು. ಅಡುಗೆಯವಳು ನನ್ನನ್ನು ನೋಡಿ ನಗುತ್ತಲೇ ಇದ್ದಳು. ನಡುರಾತ್ರಿಯ ನಗೆ, ಒಳಗೇನೋ ಬೇರೆಯೇ ಬಗೆ ಎಂದು ನನಗೆ ಅನುಮಾನ. ಫೋನಿನಲ್ಲಿ ನಾನು ಕನ್ನಡದಲ್ಲಿ ಗೊಣಗಿದ್ದನ್ನು ಕೇಳಿಸಿಕೊಂಡವಳೇ, ನೂಡಲ್ಸಿನ ಪಕ್ಕ ನಿಂಬೆಹೋಳು ಇಟ್ಟು, ಕನ್ನಡದಲ್ಲೇ ರಾಗ ಎಳೆದಳು:

“ಹಿಂಡಿ ಉಣ್ಣು ನಿಂಬೆಹಣ್ಣು, ಆಮೇಲೆ ಒರೆಸ್ಕೋ ಮೂಗು.”

ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. ಚಿಕ್ಕಂದಿನಲ್ಲಿ ಆ ಪ್ರಾಸ ಕಟ್ಟಿದವನು ನಾನು. ಕೊನೆಯ ‘ಕಣ್ಣು’ ಕಿತ್ತು ‘ಮೂಗು’ ತುರುಕಿ ನನ್ನನ್ನು ಅಳಿಸುತ್ತಿದ್ದವಳು ನೀನೊಬ್ಬಳೇ.

“ಮೂಗು ಅಲ್ಲ, ಕಣ್ಣು,” ಎಂದೆ. ಕರಡು ತಿದ್ದುವವನ ಬಾಯಿ ಸುಮ್ಮನಿರುತ್ತದೆಯೇ?

ಅವಳು ಸೌಟು ಕೆಳಗಿಟ್ಟು, ಈ ಊರಿನ ಭಾಷೆಗೆ ಹೊರಳಿದಳು. “ಇದನ್ನ ನಂಗೆ ಕಲಿಸಿದೋರು ಹೇಳಿದ್ರು, ನಮ್ಮ ಕನ್ನಡದೋರು ಯಾರೇ ಬಂದ್ರೂ ಇದನ್ನ ಹೀಗೇ ಹೇಳು, ತಿದ್ದೋನು ಸಿಕ್ಕಿದ್ರೆ ಅವನೇ ನನ್ನ ತಮ್ಮ ಅಂತ. ನೀವೇನಾ ಅದು?”

ಹುಡುಕಿಸಿ ಏನು ಮಾಡಬೇಕೆಂದಿದ್ದೆ ಅಕ್ಕಾ? ಅವತ್ತಿನ ಜಗಳದ ಉಳಿದರ್ಧ ಮುಗಿಸುವುದಕ್ಕೋ? ಇಲ್ಲಾ, ಬೇರೆ ಏನಕ್ಕಾದರೂ?

“ಅಲ್ಲಮ್ಮ, ನಂಗೆ ಅಕ್ಕನೇ ಇಲ್ಲ,” ಎಂದೆ.

ಅವಳು ನಂಬಿದಂತೆ ಕಾಣಲಿಲ್ಲ. ಒರೆಸಿಕೊಳ್ಳಲು ಕಾಗದ ಮುಂದೆ ತಳ್ಳಿದಳು.

“ಖಾರ ಜಾಸ್ತಿ ಆಯ್ತು,” ಎಂದೆ.

ಮೊದಲು ಕಣ್ಣು ಒರೆಸಿಕೊಂಡೆ, ಆಮೇಲೆ ಮೂಗು. ನೀನು ಹೇಳುತ್ತಿದ್ದುದೂ ತಪ್ಪೇನಲ್ಲ.

ನಿನ್ನ ತಮ್ಮ